ಪಾಲು ಪತ್ರ ಬರೆಸಲು ಹೋಗಿ ಕಲ್ಯಾಣದವರೆಗೆ ಹೋಗಿ ಬಂದೆವು: ಐದಕ್ಕೆ ನಾಲ್ಕು ಸ್ಟಾರ್

ನಾನು ರಿವ್ಯೂ ಬರೆಯುವುದು ದೋಸೆಗೆ, ಇಲ್ಲಾಂದ್ರೆ ಮಿಕ್ಸಿಗೆ. ಪತ್ರ ಬರೆಯುವವರಿಗೆ ಸ್ಟಾರ್ ಕೊಡುವ ಕಾಲ ಬರುತ್ತೆ ಅಂದುಕೊಂಡಿರಲಿಲ್ಲ. ಆದರೆ ಹೋದ ವರ್ಷ ನಮ್ಮ ಮನೆಯ ವಿಭಾಗ ಪತ್ರ ಬರೆಸಲು ಮೂರು ಸಲ ಒಬ್ಬರ ಅಂಗಡಿಗೆ ಅಲೆದು, ಅಲ್ಲಿ ಕೇಳಿದ್ದನ್ನು ಮನೆಗೆ ಬಂದು ಪುಸ್ತಕಗಳಲ್ಲಿ ಹುಡುಕಿ ಓದಿ, ಇದನ್ನು ಬರೆದಿಡಲೇಬೇಕು ಅನ್ನಿಸಿತು.

ಅಂಗಡಿ ಇರುವುದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಉಪ ನೋಂದಣಿ ಕಚೇರಿಯ ಎದುರು ಸಾಲಿನಲ್ಲಿ. ಹೆಸರು ಹಾಕಬೇಡಪ್ಪ ಅಂತ ಅವರೇ ಹೇಳಿದ್ದಾರೆ, ಅದಕ್ಕೇ ಹಾಕಿಲ್ಲ. ಎಲ್ಲರೂ ಯಜಮಾನರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಎಪ್ಪತ್ತರ ಆಸುಪಾಸಿನ ವಯಸ್ಸು. ಕಾನೂನು ಓದಿದ್ದಾರೆ, ಕೋರ್ಟಿಗೆ ಹೋಗಲಿಲ್ಲವಂತೆ. ಒಂದು ಟೇಬಲ್ಲು, ಒಬ್ಬ ಹುಡುಗ, ಒಂದು ಕಂಪ್ಯೂಟರ್, ಗೋಡೆಗೆ ಒರಗಿಸಿಟ್ಟ ದಪ್ಪ ದಪ್ಪ ಪುಸ್ತಕ. ಕೂರಲು ಎರಡು ಬೆಂಚು. ಇಷ್ಟೇ.

ಮೊದಲು ನಮ್ಮ ಮನೆ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗಲ್ಲ. ನಮ್ಮ ಮುತ್ತಜ್ಜನಿಂದ ಅಜ್ಜನಿಗೆ ಬಂದದ್ದು 4 ಎಕರೆ 20 ಗುಂಟೆ, ತೆಂಗು ಮತ್ತು ಅಡಿಕೆ. ಅದಲ್ಲದೆ ಅಜ್ಜ ಮೇಷ್ಟ್ರಾಗಿದ್ದಾಗ ಸಂಬಳದಲ್ಲಿ ಉಳಿಸಿ ಕೊಂಡದ್ದು 1 ಎಕರೆ 5 ಗುಂಟೆ ಖುಷ್ಕಿ. ಅಜ್ಜಿ ತೀರಿಕೊಂಡದ್ದು 2003ರಲ್ಲಿ, ಅಜ್ಜ 2016ರಲ್ಲಿ. ಉಯಿಲು ಬರೆದಿರಲಿಲ್ಲ. ಮಕ್ಕಳು ಮೂವರು: ನಮ್ಮಪ್ಪ, ಚಿಕ್ಕಪ್ಪ, ಅತ್ತೆ. ಅತ್ತೆಗೆ 1981ರಲ್ಲೇ ಮದುವೆಯಾಗಿ ಅರಸೀಕೆರೆ ಕಡೆ ಇದ್ದಾರೆ. ಚಿಕ್ಕಪ್ಪನ ಲೆಕ್ಕ ಸರಳ. ಇಬ್ಬರು ಗಂಡುಮಕ್ಕಳು, ಎರಡು ಪಾಲು, ಅಕ್ಕನಿಗೆ ಮದುವೆಯಲ್ಲಿ ಕೊಟ್ಟಾಯಿತು, ಹಬ್ಬಕ್ಕೆ ಸೀರೆ ಕೊಡ್ತಾ ಇದ್ದೇವೆ, ಮುಗೀತು. ಅಪ್ಪ ಏನೂ ಮಾತಾಡುತ್ತಿರಲಿಲ್ಲ. ನಾನೂ, ನಿಜ ಹೇಳಬೇಕೆಂದರೆ, ಸುಮ್ನೆ ಇದ್ದೆ. ಅತ್ತೆ ಕೇಳಿರಲೂ ಇಲ್ಲ.

ಮೊದಲ ದಿನ ಹೋದಾಗ ಚಿಕ್ಕಪ್ಪ ದೊಡ್ಡ ಕವರಿನಿಂದ ಕಾಗದಗಳನ್ನು ತೆಗೆದು ಸಾಲಾಗಿ ಜೋಡಿಸಿದರು. ಪಹಣಿ, ಮ್ಯುಟೇಷನ್ ಪ್ರತಿ, ಜಮೀನಿನ ಮೇಲೆ ಸಾಲ, ಮಾರಾಟ ಏನಿದೆ ಅಂತ ತೋರಿಸುವ ಇ.ಸಿ., ವಂಶವೃಕ್ಷ. ಯಜಮಾನರು ಬೇರೆ ಯಾವುದನ್ನೂ ನೋಡಲಿಲ್ಲ. ವಂಶವೃಕ್ಷ ಒಂದನ್ನೇ ಎತ್ತಿಕೊಂಡು, ಕನ್ನಡಕ ಸರಿ ಮಾಡಿಕೊಂಡು, "ಇವರಿಗೆ ಹೆಣ್ಣುಮಕ್ಕಳಿಲ್ವಾ?" ಅಂದರು. ಚಿಕ್ಕಪ್ಪ "ಇದ್ದಾರೆ ಸ್ವಾಮಿ, ಮದುವೆಯಾಗಿದೆ" ಅಂದರು. "ಮದುವೆಯಾದರೆ ವೃಕ್ಷದಿಂದ ಕೊಂಬೆ ಉದುರಿಹೋಗುತ್ತಾ? ಸರಿಯಾದ್ದು ಮಾಡಿಸಿಕೊಂಡು ಬನ್ನಿ" ಅಂತ ಕಾಗದ ವಾಪಸ್ ಕೊಟ್ಟರು. ಒಂದು ರೂಪಾಯಿ ತಗೊಳ್ಳಲಿಲ್ಲ. ಈ ಒಂದಕ್ಕೇ ನಾನು ಎರಡು ಸ್ಟಾರ್ ಕೊಟ್ಟಿದ್ದೇನೆ. ಅದೇ ಸಾಲಿನಲ್ಲಿ ಇನ್ನೊಂದು ಅಂಗಡಿಯಲ್ಲಿ "ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಯೋಣ, ಆಮೇಲೆ ನೋಡಿಕೊಂಡರಾಯಿತು" ಅಂದಿದ್ದರು. ಆಮೇಲೆ ನೋಡಿಕೊಳ್ಳುವುದು ಅಂದರೆ ಕೋರ್ಟಿನಲ್ಲಿ, ಹದಿನೈದು ವರ್ಷ.

ಎರಡನೇ ಸಲ ಹೋದಾಗ ಅತ್ತೆಯೂ ಬಂದಿದ್ದರು. ಯಜಮಾನರು ಕೇಳಿದ ಮೊದಲ ಪ್ರಶ್ನೆ: "ಇದರಲ್ಲಿ ಪಿತ್ರಾರ್ಜಿತ ಎಷ್ಟು, ಸ್ವಯಾರ್ಜಿತ ಎಷ್ಟು?" ನಾನು, ಎಲ್ಲ ಅಜ್ಜನದೇ ಅಲ್ವಾ ಸಾರ್, ಎರಡೂ ಒಂದೇ ತಾನೇ ಅಂದೆ. ಅಲ್ಲಿಂದ ಶುರುವಾಯಿತು ನೋಡಿ.

ಪಿತ್ರಾರ್ಜಿತದಲ್ಲಿ ಹುಟ್ಟಿದ ಕೂಡಲೇ ಹಕ್ಕು ಅಂತ ನಾವೆಲ್ಲ ಹೇಳುತ್ತೇವಲ್ಲ, ಅದು ಪಾರ್ಲಿಮೆಂಟು ಹುಟ್ಟುಹಾಕಿದ ಮಾತಲ್ಲ. ಅದಕ್ಕೆ ಒಂದು ಗಟ್ಟಿ ರೂಪ ಸಿಕ್ಕಿದ್ದು ನಮ್ಮ ಬಸವಕಲ್ಯಾಣದಲ್ಲಿ, ಸುಮಾರು 900 ವರ್ಷದ ಹಿಂದೆ. ಚಾಲುಕ್ಯ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಅನ್ನುವ ಪಂಡಿತ. ಯಾಜ್ಞವಲ್ಕ್ಯ ಸ್ಮೃತಿ ಅನ್ನುವ ಹಳೆಯ ಧರ್ಮಶಾಸ್ತ್ರಕ್ಕೆ ಆತ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಹೆಸರಿನ ಅರ್ಥ ಅಳೆದು ತೂಗಿ ಬರೆದ ಮಾತು ಅಂತ, ಆದರೆ ಪುಸ್ತಕ ನೋಡಿದರೆ ಹಾಗನ್ನಿಸಲ್ಲ, ಸಾಕಷ್ಟು ದಪ್ಪ ಇದೆ! ಕೊನೆಯಲ್ಲಿ ಆತ, ಕಲ್ಯಾಣದಂಥ ಊರು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೂ ಇರಲ್ಲ, ವಿಕ್ರಮನಂಥ ರಾಜ ಇಲ್ಲ, ವಿಜ್ಞಾನೇಶ್ವರನಿಗೂ ಸಾಟಿಯಿಲ್ಲ ಅಂತ ಬರೆದುಕೊಂಡಿದ್ದಾನೆ. ತನ್ನ ಪುಸ್ತಕಕ್ಕೆ ತಾನೇ ಐದಕ್ಕೆ ಐದು ಕೊಟ್ಟುಕೊಂಡ ಹಾಗೆ. ಇರಲಿ, ಆ ಪುಸ್ತಕ ಬಾಳಿದ್ದು ನೋಡಿದರೆ ಕೊಟ್ಟುಕೊಂಡಿದ್ದು ತಪ್ಪೇನಲ್ಲ.

ಯಾಜ್ಞವಲ್ಕ್ಯದಲ್ಲಿ ಒಂದು ಶ್ಲೋಕ ಇದೆ. ಅಜ್ಜ ಸಂಪಾದಿಸಿದ ಭೂಮಿ, ನಿಬಂಧ, ದ್ರವ್ಯ, ಇವುಗಳಲ್ಲಿ ಅಪ್ಪನಿಗೂ ಮಗನಿಗೂ ಒಡೆತನ ಸಮ ಅಂತ. ವಿಜ್ಞಾನೇಶ್ವರ ಇದನ್ನು ಹಿಡಿದುಕೊಂಡು, ಒಡೆತನ ಹುಟ್ಟಿನಿಂದಲೇ ಬರುತ್ತೆ, ಪಾಲು ಮಾಡುವುದು ಅಂದರೆ ಹೊಸದಾಗಿ ಹಕ್ಕು ಕೊಡುವುದಲ್ಲ, ಆಗಲೇ ಇರುವ ಹಕ್ಕನ್ನು ಬೇರೆ ಬೇರೆ ಮಾಡಿ ತೋರಿಸುವುದು ಅಷ್ಟೇ ಅಂತ ವಾದ ಕಟ್ಟುತ್ತಾನೆ. ನಿಬಂಧ ಅಂದರೆ ಏನು ಅಂತ ಬಿಡಿಸುವಾಗ ಕೊಡುವ ಉದಾಹರಣೆ ಕೇಳಿ ಅತ್ತೆ ಜೋರಾಗಿ ನಕ್ಕರು. ಒಂದು ಹೊರೆ ವೀಳ್ಯದೆಲೆಗೆ ಇಷ್ಟು ಎಲೆ, ಒಂದು ಹೊರೆ ಅಡಿಕೆಗೆ ಇಷ್ಟು ಅಡಿಕೆ ಅಂತ ಕಾಯಮ್ಮಾಗಿ ಬರುವ ಆದಾಯ. "ನೋಡಿದ್ರಾ ತಾಯಿ, ನಿಮ್ಮ ತೋಟದ ವಿಷಯವೇ" ಅಂದರು ಯಜಮಾನರು. ಅಡಿಕೆ ಪಾಲು ಮಾಡಲು ಬಂದವರ ಮುಂದೆ 900 ವರ್ಷದ ಹಿಂದಿನ ಅಡಿಕೆ!

ಬಂಗಾಳದಲ್ಲಿ ಹೀಗಿರಲಿಲ್ಲವಂತೆ. ಅಲ್ಲಿ ಜೀಮೂತವಾಹನನ ದಾಯಭಾಗ ನಡೆಯುತ್ತಿತ್ತು. ಅಪ್ಪ ಇರುವ ತನಕ ಮಗನಿಗೆ ಏನೂ ಇಲ್ಲ, ಅಪ್ಪ ಹೋದ ಮೇಲೆಯೇ ಹಕ್ಕು ಹುಟ್ಟುವುದು. ಉಳಿದ ಹೆಚ್ಚುಕಮ್ಮಿ ಇಡೀ ದೇಶ ಕಲ್ಯಾಣದ ಪುಸ್ತಕದ ದಾರಿ ಹಿಡಿಯಿತು. ಕಾಶಿಯಲ್ಲೂ ಮುಂಬೈಯಲ್ಲೂ ಅಣ್ಣತಮ್ಮಂದಿರು ಜಗಳ ಆಡಿದರೆ ತೀರ್ಪಿನಲ್ಲಿ ವಿಜ್ಞಾನೇಶ್ವರ ಬರುತ್ತಿದ್ದ. ನಮ್ಮವರು ಇದನ್ನು ಎಲ್ಲೂ ಜಾಸ್ತಿ ಹೇಳಿಕೊಳ್ಳಲ್ಲ, ಯಾಕೋ.

ನನಗೆ ಅನುಮಾನ ಇದ್ದದ್ದು ಒಂದೇ. ರಾಜ ಇದನ್ನು ಕಾಯ್ದೆ ಅಂತ ಜಾರಿ ಮಾಡಿದ್ದನಾ? ಇಲ್ಲವಂತೆ. ಇದು ರಾಜನ ಆಜ್ಞೆಯಲ್ಲ, ಪಂಡಿತನ ಪುಸ್ತಕ. ನ್ಯಾಯ ತೀರ್ಮಾನ ಎಲ್ಲವೂ ಅರಮನೆಗೆ ಹೋಗುತ್ತಲೂ ಇರಲಿಲ್ಲ. ಯಾಜ್ಞವಲ್ಕ್ಯವೇ ಮೆಟ್ಟಿಲು ಹೇಳುತ್ತೆ: ಮನೆತನದವರದು, ಅದರ ಮೇಲೆ ಒಂದೇ ಕಸುಬಿನವರ ಶ್ರೇಣಿ, ಅದರ ಮೇಲೆ ಊರಿನ ಎಲ್ಲ ಜಾತಿ ಕಸುಬಿನವರೂ ಸೇರಿದ ಪೂಗ, ಎಲ್ಲಕ್ಕಿಂತ ಮೇಲೆ ರಾಜ ನೇಮಿಸಿದವರು. ಶ್ರೇಣಿ ಅಂದರೆ ಯಾರು ಅಂತ ಹೇಳುವಾಗ ವಿಜ್ಞಾನೇಶ್ವರ ವೀಳ್ಯದೆಲೆ ಮಾರುವವರು, ನೇಕಾರರು, ಚರ್ಮದ ಕೆಲಸದವರು ಅಂತ ಪಟ್ಟಿ ಕೊಡುತ್ತಾನೆ. ಅಂದರೆ ಎಲೆ ವ್ಯಾಪಾರಿಗಳ ಜಗಳ ಎಲೆ ವ್ಯಾಪಾರಿಗಳೇ ಬಗೆಹರಿಸಿಕೊಳ್ಳಬಹುದಿತ್ತು. ಕೆಳಗೆ ಸೋತವನು ಮೇಲಕ್ಕೆ ಹೋಗಬಹುದು. ತಾಲ್ಲೂಕು ಕೋರ್ಟು, ಜಿಲ್ಲಾ ಕೋರ್ಟು, ಹೈಕೋರ್ಟು ಇದ್ದ ಹಾಗೆಯೇ ಅಲ್ವಾ?

ಚಿಕ್ಕಪ್ಪ ಸುಮ್ಮನೆ ಕೂರುವವರಲ್ಲ. "ಅಂದ್ರೆ ಸ್ವಾಮಿ, ಶ್ಲೋಕದಲ್ಲೇ ಅಪ್ಪ-ಮಗ ಅಂತ ಇದೆ. ಹೆಣ್ಣುಮಕ್ಕಳ ಮಾತೇ ಇಲ್ಲ" ಅಂದರು. ಅಲ್ಲೇ ಸಿಕ್ಕಿಬಿದ್ದರು. ಯಜಮಾನರು ಆ ದಪ್ಪ ಪುಸ್ತಕ ತೆಗೆದೇಬಿಟ್ಟರು. ಪಾಲು ಮಾಡುವಾಗ ಮದುವೆಯಾಗದ ತಂಗಿಗೆ ಅಣ್ಣಂದಿರು ತಮ್ಮ ಭಾಗದಿಂದ ಕಾಲು ಭಾಗ ಕೊಡಬೇಕು ಅಂತ ಇದೆ. ಕೆಲವರು, ಅದು ಭಾಗ ಅಲ್ಲ, ಮದುವೆ ಖರ್ಚಿಗೆ ಸಾಕಾಗುವಷ್ಟು ಕೊಡಿ ಅಂತ ಅರ್ಥ ಅಂದಿದ್ದರು. ವಿಜ್ಞಾನೇಶ್ವರ ಒಪ್ಪಲಿಲ್ಲ, ಕಾಲು ಅಂದರೆ ಕಾಲೇ, ಲೆಕ್ಕ ಹಾಕಿ ಕೊಡಿ ಅಂದ. ಅಪ್ಪ ಬದುಕಿದ್ದಾಗಲೇ ಮಕ್ಕಳಿಗೆ ಸಮ ಪಾಲು ಮಾಡಿದರೆ, ಸ್ತ್ರೀಧನ, ಅಂದರೆ ಅವಳದೇ ಅಂತ ಇರುವ ಆಸ್ತಿ, ಸಿಗದ ಹೆಂಡತಿಗೂ ಮಗನಷ್ಟೇ ಪಾಲು. ಅಪ್ಪ ಹೋದ ಮೇಲೆ ಮಾಡಿದರೆ ತಾಯಿಗೂ ಮಗನಷ್ಟೇ. ಗಂಡುಮಕ್ಕಳಿಲ್ಲದೆ, ಅಣ್ಣತಮ್ಮಂದಿರಿಂದ ಬೇರೆಯಾಗಿದ್ದವನು ಸತ್ತರೆ ಆಸ್ತಿ ಮೊದಲು ಹೆಂಡತಿಗೆ. ಇಷ್ಟನ್ನೂ ಬೆರಳು ಮಡಚಿ ಹೇಳಿದರು. ಚಿಕ್ಕಪ್ಪ ಟೀ ಹೇಳಿದರು.

ಹಾಗಂತ ಇದೇನು ಚಿನ್ನದಂಥ ಪುಸ್ತಕ ಅಂತ ನಾನು ಹೇಳಲ್ಲ. ಅದೇ ಅಧ್ಯಾಯದಲ್ಲಿ, ಒಬ್ಬ ಬ್ರಾಹ್ಮಣನಿಗೆ ನಾಲ್ಕು ವರ್ಣದ ಹೆಂಡತಿಯರಲ್ಲಿ ಮಕ್ಕಳಿದ್ದರೆ ನಾಲ್ಕು, ಮೂರು, ಎರಡು, ಒಂದು ಅಂತ ಪಾಲು. ತಾಯಿಯ ಜಾತಿ ನೋಡಿ ಮಗನಿಗೆ ಗುಂಟೆ. ಮನೆಯಲ್ಲಿ ಇದನ್ನು ಓದಿದಾಗ ನನಗೆ ಕಸಿವಿಸಿಯಾಯಿತು. ಇದೇ ಕಲ್ಯಾಣದಲ್ಲಿ ಕೆಲವೇ ದಶಕ ಕಳೆದ ಮೇಲೆ ಬಸವಣ್ಣ ಮತ್ತು ಶರಣರು ಬಂದರು. ಈ ಪುಸ್ತಕ ಹೇಳುತ್ತಿದ್ದ ಲೋಕ ಯಾವುದು, ಅವರು ಯಾವುದನ್ನು ಎದುರು ಹಾಕಿಕೊಂಡರು ಅಂತ ಗೊತ್ತಾಗಬೇಕಾದರೆ ಇದನ್ನೂ ಓದಬೇಕು.

ನನಗೆ ತುಂಬಾ ಹಿಡಿಸಿದ್ದು ಬೇರೆ ಒಂದು ಜಾಗ. ಹಳೆಯ ಶಾಸ್ತ್ರದಲ್ಲಿ ಹಿರಿಯ ಮಗನಿಗೆ ಜಾಸ್ತಿ ಪಾಲು ಅಂತ ಇದೆ. ವಿಜ್ಞಾನೇಶ್ವರ ಏನು ಮಾಡುತ್ತಾನೆ ನೋಡಿ. ಶಾಸ್ತ್ರದಲ್ಲಿ ಇದೆ, ಇಲ್ಲ ಅನ್ನಲ್ಲ, ಆದರೆ ಜನಕ್ಕೆ ಇದು ಹಿಡಿಸಲ್ಲ, ಲೋಕ ಹೇಸುವುದನ್ನು ಶಾಸ್ತ್ರ ಹೇಳಿದ್ದರೂ ಮಾಡಬಾರದು, ಆದ್ದರಿಂದ ಎಲ್ಲರಿಗೂ ಸಮ ಪಾಲೇ ಸರಿ ಅನ್ನುತ್ತಾನೆ. ಮಕ್ಕಳಿಲ್ಲದ ಹೆಂಗಸು ಗಂಡನ ತಮ್ಮನಂಥವರಿಂದ ಮಗು ಪಡೆಯುವ ನಿಯೋಗ ಪದ್ಧತಿ ಹೇಗೆ ಬಿಟ್ಟುಹೋಯಿತೋ ಹಾಗೆ ಇದೂ ಅಂತ ಹೋಲಿಸುತ್ತಾನೆ. ಪದಕ್ಕೆ ಪದ ಹಿಡಿದು ವಾದ ಮಾಡುವ ಮನುಷ್ಯ, ಜನ ಏನಂದುಕೊಳ್ಳುತ್ತಾರೆ ಅಂತಲೂ ನೋಡಿದ. ಸ್ಮೃತಿ ಬರೆದು ಅಷ್ಟೊತ್ತಿಗೆ ಎಷ್ಟೋ ನೂರು ವರ್ಷ ಆಗಿತ್ತು, ಕಾಲ ಬೇರೆಯಾಗಿತ್ತು. ಶ್ಲೋಕ ಅಳಿಸುವ ಹಾಗಿಲ್ಲ, ವ್ಯಾಖ್ಯಾನದಲ್ಲಿ ದಾರಿ ಮಾಡಬಹುದು. ದಾರಿ ಮಾಡಿದ.

ಹಾಗಾದರೆ ಅತ್ತೆಯಂಥವರಿಗೆ ಏನೂ ಇಲ್ಲ ಅನ್ನುವ ಮಾತು ಇಷ್ಟು ಗಟ್ಟಿಯಾಗಿ ಬಂದದ್ದು ಎಲ್ಲಿಂದ? ಪೂರ್ತಿ ಹೊರಗಿನಿಂದ ಅಂತ ಹೇಳಿದರೆ ಸುಳ್ಳಾಗುತ್ತೆ, ಮದುವೆಯಾದ ಮಗಳಿಗೆ ಆ ಪುಸ್ತಕದಲ್ಲೂ ಗಂಡುಮಕ್ಕಳ ಜೊತೆ ಪಾಲಿಲ್ಲ. ಆದರೆ ಬಾಗಿಲು ಇನ್ನಷ್ಟು ಬಿಗಿಯಾಗಿದ್ದು ಇಂಗ್ಲಿಷರ ಕೈಯಲ್ಲಿ. 1772ರಲ್ಲಿ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ಒಂದು ನಿಯಮ ಮಾಡಿದ. ಮದುವೆ, ಆಸ್ತಿ, ಜಾತಿ ವಿಷಯದಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನ್. ಕೇಳಲು ಚೆನ್ನಾಗಿದೆ. ಆದರೆ ಸಾಹೇಬರಿಗೆ ಸಂಸ್ಕೃತ ಬರಲ್ಲ. 11 ಪಂಡಿತರನ್ನು ಕೂರಿಸಿ ಒಂದು ಸಂಗ್ರಹ ಮಾಡಿಸಿದರು. ಅದು ಸಂಸ್ಕೃತದಿಂದ ಪಾರ್ಸಿಗೆ, ಪಾರ್ಸಿಯಿಂದ ಹಾಲ್ಹೆಡ್ ಎಂಬಾತನ ಕೈಯಲ್ಲಿ ಇಂಗ್ಲಿಷಿಗೆ ಹೋಗಿ 1776ರಲ್ಲಿ ಅಚ್ಚಾಯಿತು. ಮೂರು ಪಾತ್ರೆಗೆ ಬಗ್ಗಿಸಿದ ಹಾಲು, ಎಷ್ಟು ಉಳಿಯುತ್ತೆ ನೀವೇ ಹೇಳಿ. ಆಮೇಲೆ 1810ರಲ್ಲಿ ಕೋಲ್‌ಬ್ರೂಕ್ ಅನ್ನುವ ನಿಜಕ್ಕೂ ಸಂಸ್ಕೃತ ಬಲ್ಲ ಮನುಷ್ಯ ಮಿತಾಕ್ಷರದ ಪಾಲಿನ ಭಾಗವನ್ನು, ಜೊತೆಗೆ ದಾಯಭಾಗವನ್ನು ಇಂಗ್ಲಿಷಿಗೆ ತಂದ. ಕೆಲಸ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿಂದ ಮುಂದೆ ಜಡ್ಜುಗಳ ಪಾಲಿಗೆ ಹಿಂದೂ ಕಾನೂನು ಅಂದರೆ ಆ ಪುಸ್ತಕದಲ್ಲಿ ಏನಿದೆಯೋ ಅದು, ಅದರ ಮೇಲೆ ಹಿಂದಿನ ತೀರ್ಪು. ಕೋರ್ಟಿನಲ್ಲಿ ಕೂತು ಅರ್ಥ ಹೇಳುತ್ತಿದ್ದ ಪಂಡಿತರನ್ನು 1864ರಲ್ಲಿ ಮನೆಗೆ ಕಳಿಸಿದರು.

ಸ್ತ್ರೀಧನದ ವಿಷಯದಲ್ಲಿ ಇದು ಎದ್ದು ಕಾಣುತ್ತೆ. ವಿಜ್ಞಾನೇಶ್ವರನ ಪ್ರಕಾರ ಸ್ತ್ರೀಧನ ಅಂದರೆ ಮದುವೆಯಲ್ಲಿ ಕೊಟ್ಟ ಒಡವೆ ಅಷ್ಟೇ ಅಲ್ಲ, ಅವಳಿಗೆ ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅವಳದೇ. ಆಗ ಕೊನೆಯ ಮೇಲ್ಮನವಿ ತೀರ್ಮಾನ ಮಾಡುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಕೇಳಲಿಲ್ಲ. ವಾರಸಾಗಿ ಬಂದ ಆಸ್ತಿಯಲ್ಲಿ ಹೆಂಗಸಿಗೆ ಬದುಕಿರುವ ತನಕ ಅನುಭೋಗ ಮಾತ್ರ, ಆಮೇಲೆ ಅದು ಗಂಡನ ಕಡೆ, ಅಪ್ಪನ ಕಡೆ ವಾರಸುದಾರರಿಗೆ ವಾಪಸ್ ಅಂದುಬಿಟ್ಟಿತು. ಕಲ್ಯಾಣದ ಪಂಡಿತ ಕೊಟ್ಟದ್ದನ್ನು ಸಾವಿರಾರು ಮೈಲಿ ಆಚೆ ಕೂತವರು, ಅವನ ಹೆಸರು ಹೇಳಿಕೊಂಡೇ, ಕಿತ್ತುಕೊಂಡರು. ಆ ಅನುಭೋಗದ ಹಕ್ಕು ಪೂರ್ತಿ ಒಡೆತನ ಆಗಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರಬೇಕಾಯಿತು.

ಮಧ್ಯೆ ನಮ್ಮ ಮೈಸೂರು ಸಂಸ್ಥಾನದ ಒಂದು ಕೆಲಸ ಇದೆ, ಅದನ್ನು ಯಜಮಾನರು ಎದೆ ಉಬ್ಬಿಸಿಕೊಂಡು ಹೇಳಿದರು. 1933ರಲ್ಲೇ ಮೈಸೂರಿನಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಆಯಿತು. ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದು ಭಾಗ. ಬ್ರಿಟಿಷರ ಆಳ್ವಿಕೆಯ ಕಡೆ ವಿಧವೆಯರಿಗೆ ಅಂತ ಒಂದು ಕಾಯ್ದೆ ಬಂದದ್ದೇ 1937ರಲ್ಲಿ. ನಾವು ನಾಲ್ಕು ವರ್ಷ ಮುಂದೆ. ಪೂರ್ತಿ ಸಮ ಅಲ್ಲ, ಆದರೂ ಆ ಕಾಲಕ್ಕೆ ಕಮ್ಮಿಯೇನಲ್ಲ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 1956ರಲ್ಲೂ ಒಟ್ಟು ಕುಟುಂಬದಲ್ಲಿ ಹುಟ್ಟಿನ ಹಕ್ಕು ಗಂಡಿಗೇ ಉಳಿಯಿತು. ಆಂಧ್ರ, ತಮಿಳುನಾಡು ಆದಮೇಲೆ ಕರ್ನಾಟಕ 1994ರಲ್ಲಿ ಮಗಳಿಗೂ ಕೊಟ್ಟಿತು. ಆದರೆ ಆ ಕಾಯ್ದೆ ಜಾರಿಗೆ ಬರುವ ಮೊದಲೇ ಮದುವೆಯಾದವರಿಗೆ ಇಲ್ಲ. ಚಿಕ್ಕಪ್ಪನ ತಲೆಯಲ್ಲಿ ಕೂತಿದ್ದು ಇದೇ! 1994ರಲ್ಲಿ ಯಾರೋ ಹೇಳಿದ್ದು, 30 ವರ್ಷ ಹಾಗೇ ಉಳಿದಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ತಿದ್ದುಪಡಿ ಬಂತು, ಮಗಳು ಮಗ ಇಬ್ಬರೂ ಒಂದೇ, ಮದುವೆಯಾಗಿರಲಿ ಬಿಡಲಿ. ಆ ದಿನ ಅಪ್ಪ ಬದುಕಿರಬೇಕಾ ಬೇಡವಾ ಅಂತ ಒಂದಷ್ಟು ವರ್ಷ ಗೊಂದಲ ಇತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಬೇಡ, ಹಕ್ಕು ಹುಟ್ಟಿನಿಂದ ಬಂದದ್ದು ಅಂತ ಹೇಳಿತು. ಹುಟ್ಟಿನಿಂದ! ವಿಜ್ಞಾನೇಶ್ವರನ ಮಾತೇ, ಆತ ಹೇಳದೆ ಬಿಟ್ಟವರಿಗೆ. ನಮ್ಮ ಮನೆಯಲ್ಲಂತೂ ಅಜ್ಜ 2016ರವರೆಗೂ ಇದ್ದರು, ಆ ಗೊಂದಲವೂ ಇರಲಿಲ್ಲ. ಮೂವರಿಗೂ ತಲಾ 1 ಎಕರೆ 20 ಗುಂಟೆ.

ಈಗ ಅಜ್ಜ ಸಂಬಳದಲ್ಲಿ ಕೊಂಡ ಖುಷ್ಕಿ ಜಮೀನು. ಇದರಲ್ಲಿ ಮೊಮ್ಮಕ್ಕಳಿಗೂ ಹುಟ್ಟಿನ ಹಕ್ಕಿದೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲವಂತೆ. ಅಜ್ಜ ಉಯಿಲಿಲ್ಲದೆ ಹೋದರೆ ಅದು ಮೂವರು ಮಕ್ಕಳಿಗೆ, ಅವರವರ ಸ್ವಂತಕ್ಕೆ, ತಲಾ 15 ಗುಂಟೆ. ಹಳೆಯ ಮಿತಾಕ್ಷರದ ಲೆಕ್ಕದಲ್ಲಾದರೆ ಅದು ಅಪ್ಪನ ಕೈಗೆ ಬಂದ ಕೂಡಲೇ ನನಗೂ ಪಿತ್ರಾರ್ಜಿತ ಆಗುತ್ತಿತ್ತು. 1956ರ ಕಾಯ್ದೆ ಆ ಕೊಂಡಿ ಕಳಚಿತು. ಅಜ್ಜನದು ಎಲ್ಲ ಪಿತ್ರಾರ್ಜಿತ ಅಂತ ತಿಳಿದುಕೊಂಡಿರುವ ನನ್ನ ಓರಗೆಯ ಮೊಮ್ಮಕ್ಕಳು ದಯವಿಟ್ಟು ಗಮನಿಸಿ. ಮೊದಲ 4 ಎಕರೆ 20 ಗುಂಟೆಯಲ್ಲಿ ಅಪ್ಪನ ಪಾಲಿನ ಜೊತೆ ನನ್ನ ಹೆಸರೂ ಅಕ್ಕನ ಹೆಸರೂ ಸೇರಿಸಿ, ಇಬ್ಬರ ಸಹಿಯೂ ಹಾಕಿಸಿದರು. ಅಕ್ಕ ಅದಕ್ಕೆ ಅಂತ ಪುಣೆಯಿಂದ ರಜೆ ಹಾಕಿ ಬಂದಳು, ಬೈದುಕೊಂಡು.

ಪತ್ರ ಬರೆಯುವುದರಲ್ಲಿ ಮಾತ್ರ ಈ ಮನುಷ್ಯನನ್ನು ಮೀರಿಸುವವರನ್ನು ನಾನು ನೋಡಿಲ್ಲ. ಕೊನೆಯಲ್ಲಿ ಬಿಕ್ಕಲಂ ಅಂತ ಹಾಕಿ ಬರೆದವರು ಸಹಿ ಮಾಡುತ್ತಾರಲ್ಲ, ಅದು ಯಾಕೆ ಅಂತ ಕೇಳಿದೆ. ಪದ ಪಾರ್ಸಿಯಿಂದ ಬಂದಿದ್ದು, ಪದ್ಧತಿ ಅದಕ್ಕಿಂತ ಹಳೆಯದು ಅಂತ ಮತ್ತೆ ಪುಸ್ತಕ ತೆಗೆದರು. ಯಾಜ್ಞವಲ್ಕ್ಯದಲ್ಲಿ ಪತ್ರ ಹೇಗಿರಬೇಕು ಅಂತ ಇದೆ. ವರ್ಷ, ತಿಂಗಳು, ಪಕ್ಷ, ದಿನ ಇರಬೇಕು. ಹೆಸರು, ಅಪ್ಪನ ಹೆಸರು, ಗೋತ್ರ ಇರಬೇಕು. ಸಾಕ್ಷಿಗಳು ತಮ್ಮ ಕೈಯಿಂದಲೇ, ಇದರಲ್ಲಿ ಇಂಥ ನಾನು ಸಾಕ್ಷಿ ಅಂತ ಬರೆಯಬೇಕು. ಕೊನೆಯಲ್ಲಿ ಬರಹಗಾರ, ಇಬ್ಬರೂ ಕೇಳಿಕೊಂಡಿದ್ದರಿಂದ ಇಂಥವನ ಮಗ ಇಂಥ ನಾನು ಬರೆದೆ ಅಂತ ಹಾಕಬೇಕು. ನಮ್ಮ ಪತ್ರ ಪಕ್ಕ ಇಟ್ಟು ನೋಡಿದೆ. ಪಕ್ಷ, ಗೋತ್ರ ಹೋಗಿ ಆಧಾರ್ ಬಂದಿದೆ, ಉಳಿದದ್ದು ಹೆಚ್ಚುಕಮ್ಮಿ ಅದೇ.

ಸಾಲದ ಪತ್ರದ್ದೂ ಅಷ್ಟೇ. ಕಂತು ಕಟ್ಟಿದಾಗೆಲ್ಲ ಪತ್ರದ ಹಿಂದೆ ಬರೆಯಬೇಕು, ಪೂರ್ತಿ ತೀರಿದರೆ ಪತ್ರ ಹರಿದುಹಾಕಬೇಕು. ನಮ್ಮಜ್ಜ ಪ್ರೋನೋಟಿನ ಹಿಂದೆ ಬರೆಸಿಕೊಳ್ಳುತ್ತಿದ್ದದ್ದು, ಆಮೇಲೆ ಎಲ್ಲರ ಮುಂದೆ ಪರ್ ಅಂತ ಹರಿಯುತ್ತಿದ್ದದ್ದು ನೆನಪಾಯಿತು. ಚಿಕ್ಕಪ್ಪನ ಮಗ ಜೊತೆಗಿದ್ದ, ಅವನಿಗೆ ಬೇರೆಯದೇ ಚಿಂತೆ. "ಅಪ್ಪ ಮಾಡಿದ ಸಾಲ ಮಗ ತೀರಿಸಲೇಬೇಕಾ ಸಾರ್?" ಅಂದ. ಯಜಮಾನರು ಚಿಕ್ಕಪ್ಪನ ಮುಖ ಒಂದು ಸಲ ನೋಡಿ, ಹಳೆಯ ಶಾಸ್ತ್ರದಲ್ಲಿ ತೀರಿಸಬೇಕಿತ್ತು, ಆದರೆ ಕುಡಿತಕ್ಕೆ, ಹೆಂಗಸರ ಚಟಕ್ಕೆ, ಜೂಜಿಗೆ ಮಾಡಿದ ಸಾಲ ಮಗನ ತಲೆಗೆ ಬರಲ್ಲ, ದಂಡದ ಬಾಕಿಯೂ ಬರಲ್ಲ ಅಂತ ಬರೆದಿದ್ದಾರೆ ಅಂದರು. ಧರ್ಮಕ್ಕಾಗಿ ಮಗ ತೀರಿಸಬೇಕು ಅನ್ನುವ ಆ ಕಟ್ಟುಪಾಡನ್ನು 2005ರ ತಿದ್ದುಪಡಿ ಹೊಸ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ಚಿಕ್ಕಪ್ಪ ಇಸ್ಪೀಟ್ ಆಡುವುದು ಊರಿಗೇ ಗೊತ್ತು. ಯಾರೂ ನಗಲಿಲ್ಲ, ನಕ್ಕಿದ್ದರೆ ಪತ್ರ ಆಗುತ್ತಿರಲಿಲ್ಲ.

ನನ್ನ ಹೆಂಡತಿ ಕುಂದಾಪುರದವಳು. ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಅವಳಿಗೆ ಆಶ್ಚರ್ಯವೇ ಇಲ್ಲ. ಅವರ ಕಡೆ ಅಳಿಯಸಂತಾನ, ಭೂತಾಳ ಪಾಂಡ್ಯನ ಕಟ್ಟು ಅಂತ ಹೇಳುತ್ತಾರೆ. ಮನೆತನ ನಡೆಯುತ್ತಿದ್ದದ್ದು ತಾಯಿ ಕಡೆಯಿಂದ, ಆಸ್ತಿ ಹೋಗುತ್ತಿದ್ದದ್ದು ಅಕ್ಕತಂಗಿಯರ ಮಕ್ಕಳಿಗೆ. ಆ ಮನೆತನಗಳಿಗೆ ಮಿತಾಕ್ಷರ ಬಂದೇ ಇರಲಿಲ್ಲ. ಅಲ್ಲಿನ ತೊಂದರೆ ಬೇರೆ: ಮನೆತನದ ಆಸ್ತಿಯಲ್ಲಿ ಪಾಲು ಕೊಡಿ ಅಂತ ಕೇಳುವ ಹಾಗೇ ಇರಲಿಲ್ಲ, 1949ರ ಮದ್ರಾಸ್ ಕಾಯ್ದೆ ಬಂದ ಮೇಲೆ ಕವರು, ಅಂದರೆ ಒಬ್ಬ ತಾಯಿಯಿಂದ ಬಂದ ಕವಲಿನ, ಲೆಕ್ಕದಲ್ಲಿ ಪಾಲು ಕೇಳುವಂತಾಯಿತು. "ನಿಮ್ಮಲ್ಲಿ ಅತ್ತೆಗೆ ಪಾಲು ಕೊಡೋಕೆ ಇಷ್ಟು ಪುಸ್ತಕ ಬೇಕಾಯ್ತಾ?" ಅಂದಳು. ನಾನು ಊಟ ಬಡಿಸು ಅಂದೆ.

ಈಗ ದೂರುಗಳು, ಒಂದು ಸ್ಟಾರ್ ಕಡಿಮೆಯಾದದ್ದು ಇವುಗಳಿಂದ. ಫೀಸು ಮೊದಲೇ ಹೇಳಲ್ಲ. "ಆಮೇಲೆ ನೋಡೋಣ ಬಿಡಿ" ಅಂತಾರೆ. ಕೊನೆಗೆ 9,000 ರೂಪಾಯಿ ಅಂದರು, ಸಾಲಿನ ಬೇರೆ ಅಂಗಡಿಗಳಿಗಿಂತ ಜಾಸ್ತಿ. ಕೆಲಸ ನೋಡಿದರೆ ಕೊಡಬಹುದು, ಆದರೆ ಮೊದಲೇ ಹೇಳಿದ್ದರೆ ಚಿಕ್ಕಪ್ಪನ ಜೊತೆ ಅಂಗಡಿ ಬಾಗಿಲಲ್ಲಿ ಅರ್ಧ ಗಂಟೆ ಚರ್ಚೆ ತಪ್ಪುತ್ತಿತ್ತು. ಎರಡನೆಯದು, ಕಾಯಿಸುತ್ತಾರೆ. 11ಕ್ಕೆ ಬನ್ನಿ ಅಂದವರು ನಮ್ಮನ್ನು ಕರೆದದ್ದು 1 ಗಂಟೆಗೆ, ಯಾಕೆಂದರೆ ನಮಗಿಂತ ಮೊದಲು ಬಂದವರಿಗೂ ಇದೇ ರೀತಿ ಕಲ್ಯಾಣದ ಪಾಠ ನಡೆಯುತ್ತಿತ್ತು. ಮೂರನೆಯದು ಸ್ವಲ್ಪ ದೊಡ್ಡದು. ಟೈಪ್ ಮಾಡುವ ಹುಡುಗ ಅತ್ತೆಯ ಪಾಲಿನ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆಯುವಲ್ಲಿ, ಪೂರ್ವ ಪಶ್ಚಿಮ ಅದಲುಬದಲು ಮಾಡಿದ್ದ. ಸರ್ವೆಯವರು ಅಳೆದು ಕೊಡುವ 11ಇ ನಕ್ಷೆ ಜೊತೆ ತಾಳೆ ನೋಡಿದಾಗ ನನಗೆ ಸಿಕ್ಕಿತು, ಯಜಮಾನರಿಗಲ್ಲ. 900 ವರ್ಷ ಹಿಂದಿನದು ಬಾಯಿಪಾಠ ಇರುವವರು ಇವತ್ತಿನ ಚೆಕ್ಕುಬಂದಿ ನೋಡಬೇಡವೇ? ಅವರು ಒಪ್ಪಿಕೊಂಡು, ಹುಡುಗನಿಗೆ ಬೈಯದೆ, ತಾವೇ ಕೂತು ಪೂರ್ತಿ ಪತ್ರ ಜೋರಾಗಿ ಓದಿಸಿದರು. ನೋಂದಣಿ ಆದ ಮೇಲೆ ಗೊತ್ತಾಗಿದ್ದರೆ ತಿದ್ದುಪಡಿ ಪತ್ರ, ಮತ್ತೆ ಎಲ್ಲರ ಸಹಿ, ಮತ್ತೆ ಪುಣೆಯಿಂದ ಅಕ್ಕ. ಯಾರ ಹತ್ತಿರ ಬರೆಸಿದರೂ ಸರಿ, ಚೆಕ್ಕುಬಂದಿ ನೀವೇ ಒಂದು ಸಲ ಜಮೀನಿನಲ್ಲಿ ನಿಂತು ನೋಡಿಕೊಳ್ಳಿ.

ನೋಂದಣಿ ದಿನ ಕಂಪ್ಯೂಟರ್ ಕೆಲಸ ಎಲ್ಲ ಆ ಹುಡುಗನೇ ಮಾಡಿದ, ಅದರಲ್ಲಿ ಏನೂ ತೊಂದರೆಯಾಗಲಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತುವ ಮೊದಲು, "ನಾನು ಇದನ್ನು ಕೇಳಿದ್ದೆ ಅಂತ ಊರಲ್ಲಿ ಹೇಳಬೇಡಿ" ಅಂದರು. ಚಿಕ್ಕಪ್ಪ, "ನೀನು ಎಲ್ಲಿ ಕೇಳಿದೆ ಅಕ್ಕ, ಆ ಕಲ್ಯಾಣದವನು ಕೇಳಿದ" ಅಂದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು.

ಹೋಗುವವರಿಗೆ ಎರಡು ಮಾತು. ಸೋಮವಾರ ಬೇಡ, ಅಲ್ಲಿ ಸಂತೆ, ಬೆಂಚಿನ ಮೇಲೂ ಜಾಗ ಇರಲ್ಲ. ವಂಶವೃಕ್ಷದಲ್ಲಿ ಎಲ್ಲರ ಹೆಸರು ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ. ಮತ್ತೆ, ಅವರು ಪುಸ್ತಕಕ್ಕೆ ಕೈ ಹಾಕಿದರು ಅಂದರೆ ಟೀ ಹೇಳಿಬಿಡಿ, ಎದುರಿನ ಅಂಗಡಿಯಲ್ಲಿ ಶುಂಠಿ ಹಾಕಿ ಚೆನ್ನಾಗಿ ಮಾಡುತ್ತಾರೆ.